ಗಡ್ಡೆ ಇಲ್ಲ, ಒತ್ತಡ ಇದೆ

ನೆಲದ ಮೇಲಿನ ವಸ್ತುವನ್ನು ಬಗ್ಗಿ ಎತ್ತಿಕೊಂಡು ಮೇಲೆದ್ದ ಕೂಡಲೇ ಎರಡೂ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಕೆಲವೇ ಸೆಕೆಂಡು, ಅಷ್ಟೇ. ಮತ್ತೆ ಎಲ್ಲವೂ ಮೊದಲಿನಂತೆ ಕಾಣುತ್ತದೆ. ಬೆಳಿಗ್ಗೆ ಎದ್ದಾಗ ತಲೆಭಾರ, ಕೆಮ್ಮಿದರೆ ತಲೆ ಸಿಡಿಯುವಷ್ಟು ನೋವು. ರಾತ್ರಿ ಮನೆಯ ಸದ್ದಡಗಿದ ಮೇಲೆ ಒಂದು ಕಿವಿಯಲ್ಲಿ ನಾಡಿ ಬಡಿತಕ್ಕೆ ಸರಿಯಾಗಿ ಸುಂಯ್, ಸುಂಯ್ ಎಂಬ ಶಬ್ದ. ಈ ತೊಂದರೆ ಹೊತ್ತು ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು 20ರಿಂದ 45ರ ನಡುವಿನ ಹೆಂಗಸರು.

ಮನೆಯವರು ಇದನ್ನು ಪಿತ್ತ ಎನ್ನುತ್ತಾರೆ, ನಿದ್ದೆ ಸಾಲದು ಎನ್ನುತ್ತಾರೆ, ಮೈಗ್ರೇನ್ ಇರಬೇಕೆಂದು ಮಾತ್ರೆ ತರಿಸುತ್ತಾರೆ. ವಾರಗಳು ಕಳೆದ ಮೇಲೆ ಸ್ಕ್ಯಾನ್ ಆಗುತ್ತದೆ. ಗಡ್ಡೆ ಇಲ್ಲ, ರಕ್ತಸ್ರಾವ ಇಲ್ಲ, ಮಿದುಳಿನೊಳಗಿನ ಕೋಣೆಗಳು ಹಿಗ್ಗಿಲ್ಲ. ಎಲ್ಲರಿಗೂ ಸಮಾಧಾನ. ಆದರೆ ಅದೇ ರೋಗಿಯ ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲಿಸಿ ಹಿಂಭಾಗ ನೋಡಿದ ವೈದ್ಯರಿಗೆ ಬೇರೆಯೇ ಕಾಣುತ್ತದೆ. ದೃಷ್ಟಿನರ ಕಣ್ಣನ್ನು ಸೇರುವ ಜಾಗ ಊದಿಕೊಂಡಿದೆ, ಅದರ ಅಂಚು ಮಸುಕಾಗಿದೆ, ಅದೂ ಎರಡೂ ಕಣ್ಣಿನಲ್ಲಿ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಬೆನ್ನಿಗೆ ಸೂಜಿ ಹಾಕಿ ದ್ರವದ ಒತ್ತಡ ಅಳೆದರೆ ಕೊಳವೆಯಲ್ಲಿ ನೀರಿನ ಮಟ್ಟ 250 ಮಿಲಿಮೀಟರ್ ದಾಟಿ ಏರುತ್ತದೆ. ಗಡ್ಡೆಯಿಲ್ಲದ ತಲೆಯಲ್ಲಿ, ಗಡ್ಡೆ ಇದ್ದರೆ ಎಷ್ಟಿರುತ್ತಿತ್ತೋ ಅಷ್ಟು ಒತ್ತಡ. ವೈದ್ಯರು ಇದನ್ನು ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್, ಚಿಕ್ಕದಾಗಿ ಐಐಎಚ್, ಎಂದು ಕರೆಯುತ್ತಾರೆ. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಬಿಪಿ ಇದಲ್ಲ. ಬಿಪಿ ಸರಿಯಾಗಿದ್ದವರಿಗೂ ಇದು ಬರುತ್ತದೆ.

ಈ ಕಾಯಿಲೆಯ ಮೂಲ ಎಲ್ಲಿ ಎಂದು ಹುಡುಕುತ್ತ ಹೋದ ವೈದ್ಯವಿಜ್ಞಾನ ಕಳೆದ 30 ವರ್ಷಗಳಲ್ಲಿ ಬಂದು ನಿಂತಿರುವುದು ಮಿದುಳಿನಿಂದ ರಕ್ತವನ್ನು ಹೊರಗೆ ಸಾಗಿಸುವ ಅಭಿಧಮನಿಗಳ ಬಳಿ. ಮಿದುಳು ಎಂದರೆ ಒಳಗೆ ರಕ್ತ ತರುವ ನಾಳಗಳನ್ನೇ ಎಲ್ಲರೂ ನೆನೆಯುತ್ತಾರೆ. ಅವು ಕಟ್ಟಿದರೆ ಪಾರ್ಶ್ವವಾಯು, ಒಡೆದರೆ ರಕ್ತಸ್ರಾವ. ಹೊರಗೆ ಹೋಗುವ ದಾರಿಯ ಕಡೆಗೆ ಬಹುಕಾಲ ಯಾರ ಗಮನವೂ ಅಷ್ಟಾಗಿ ಹೋಗಲಿಲ್ಲ.

ತಲೆಬುರುಡೆಯ ಲೆಕ್ಕ ಬಹಳ ಬಿಗಿಯಾದದ್ದು. ವಯಸ್ಕರಲ್ಲಿ ಅದು ಹಿಗ್ಗದ, ಕುಗ್ಗದ ಮೂಳೆಯ ಕೋಣೆ. ಅದರೊಳಗೆ ಸುಮಾರು 1400 ಗ್ರಾಂ ತೂಗುವ ಮಿದುಳು, ಒಂದಷ್ಟು ರಕ್ತ, ಒಂದಷ್ಟು ತಿಳಿಯಾದ ದ್ರವ. ಮೂರರಲ್ಲಿ ಒಂದು ಹೆಚ್ಚಾದರೆ ಇನ್ನೊಂದು ಜಾಗ ಬಿಡಬೇಕು. ಬಿಡದಿದ್ದರೆ ಒತ್ತಡ ಏರುತ್ತದೆ. ಈ ಲೆಕ್ಕವನ್ನು ಮೊದಲು ಬರೆದಿಟ್ಟವರು ಎಡಿನ್‌ಬರೋದ ಅಂಗರಚನಾ ಶಾಸ್ತ್ರಜ್ಞ ಅಲೆಕ್ಸಾಂಡರ್ ಮನ್ರೋ, 1783ರಲ್ಲಿ. ಅವರ ಶಿಷ್ಯ ಜಾರ್ಜ್ ಕೆಲ್ಲಿ ಅದೇ ಊರಿಗೆ ಹೊಂದಿಕೊಂಡ ಲೀತ್ ಬಂದರಿನಲ್ಲಿ ವೈದ್ಯರಾಗಿದ್ದರು. 1821ರಲ್ಲಿ ಬಿರುಗಾಳಿಯ ಒಂದು ರಾತ್ರಿ ಬಯಲಲ್ಲಿ ಸಿಕ್ಕಿ ಸತ್ತ ಇಬ್ಬರ ಶವಗಳನ್ನು ಕೆಲ್ಲಿ ಪರೀಕ್ಷಿಸಿದರು. ಮಿದುಳಿನ ಮೇಲಿನ ಅಭಿಧಮನಿಗಳು ರಕ್ತ ತುಂಬಿ ಉಬ್ಬಿದ್ದವು, ಅಪಧಮನಿಗಳಲ್ಲಿ ರಕ್ತ ಕಡಿಮೆ ಇತ್ತು. ಗುರುವಿನ ಲೆಕ್ಕ ಸರಿ ಎಂದು ಅವರಿಗೆ ಮನವರಿಕೆಯಾಯಿತು. 1824ರಲ್ಲಿ ಅದನ್ನು ಪ್ರಕಟಿಸಿದರು. ಮಿದುಳಿನ ದ್ರವದ ಪಾತ್ರ ಮಾತ್ರ ಇಬ್ಬರ ಲೆಕ್ಕದಲ್ಲೂ ಇರಲಿಲ್ಲ. ಅದು ಆಮೇಲೆ ಸೇರಿತು.

ಆ ದ್ರವದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಯಾವ ಹೊತ್ತಿನಲ್ಲಾದರೂ ಇರುವುದು ಸುಮಾರು 150 ಮಿಲಿಲೀಟರ್. ಆದರೆ ದಿನವೊಂದಕ್ಕೆ ಹೊಸದಾಗಿ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರ್. ಅಂದರೆ ದಿನಕ್ಕೆ ಮೂರು ಸಲಕ್ಕೂ ಹೆಚ್ಚು ಬಾರಿ ಹಳೆಯದು ಹೋಗಿ ಹೊಸದು ಬರುತ್ತದೆ. ಅದು ಹೋಗುವುದು ಎಲ್ಲಿಗೆ? ಬಹುಪಾಲು ಅಭಿಧಮನಿಗಳ ರಕ್ತಕ್ಕೇ. ಮಿದುಳಿನ ಹೊದಿಕೆಯಲ್ಲಿ ಸಣ್ಣ ಸಣ್ಣ ಮೊಗ್ಗಿನಂಥ ರಚನೆಗಳಿವೆ. ಇಟಲಿಯ ಪಾಕಿಯೋನಿ 1705ರಲ್ಲೇ ಅವನ್ನು ವರ್ಣಿಸಿದ್ದರು. ದ್ರವ ಅವುಗಳ ಮೂಲಕ ರಕ್ತಕ್ಕೆ ಸೇರುವುದನ್ನು 1875ರಲ್ಲಿ ಸ್ವೀಡನ್ನಿನ ಕೀ ಮತ್ತು ರೆಟ್ಸಿಯಸ್ ಬಣ್ಣ ಹಾಕಿ ತೋರಿಸಿದರು. ದ್ರವ ರಕ್ತಕ್ಕೆ ಇಳಿಯಬೇಕಾದರೆ ಅಭಿಧಮನಿಯ ಒತ್ತಡ ದ್ರವದ ಒತ್ತಡಕ್ಕಿಂತ ಕಡಿಮೆ ಇರಬೇಕು. ಅಲ್ಲಿ ಒತ್ತಡ ಏರಿದರೆ ದ್ರವ ಇಳಿಯುವುದಿಲ್ಲ, ತಲೆಯಲ್ಲೇ ನಿಲ್ಲುತ್ತದೆ.

ಮಿದುಳಿನ ದೊಡ್ಡ ಅಭಿಧಮನಿಗಳಿಗೆ ಸೈನಸ್ ಎಂದೇ ಹೆಸರು. ನೆಗಡಿಯಲ್ಲಿ ಮೂಗಿನ ಪಕ್ಕ ಕಟ್ಟಿಕೊಳ್ಳುವ ಸೈನಸ್ಸಿಗೂ ಇದಕ್ಕೂ ನಂಟಿಲ್ಲ. ಇವುಗಳಲ್ಲಿ ದೊಡ್ಡದು ನೆತ್ತಿಯ ನಡುಗೆರೆಯ ಕೆಳಗೆ ಹಣೆಯಿಂದ ಹಿಂದಲೆಯವರೆಗೆ ಸಾಗುತ್ತದೆ. ಹಿಂದಲೆಯಲ್ಲಿ ಅದು ಎಡಕ್ಕೂ ಬಲಕ್ಕೂ ಒಡೆದು ಎರಡು ಅಡ್ಡ ಸೈನಸ್‌ಗಳಾಗುತ್ತದೆ. ಅವು ಕಿವಿಯ ಹಿಂಭಾಗದಲ್ಲಿ ಬಾಗಿ, ಕತ್ತಿನ ಜುಗುಲರ್ ಅಭಿಧಮನಿಗೆ ಇಳಿಯುತ್ತವೆ. ಮಿದುಳಿಗೆ ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಬರುತ್ತದೆ. ಅಷ್ಟೂ ಹೊರಗೆ ಹೋಗಲೇಬೇಕು, ಬಹುಪಾಲು ಇದೇ ದಾರಿಯಲ್ಲಿ. ಬಹಳ ಜನರಲ್ಲಿ ಬಲಗಡೆಯ ದಾರಿ ಹಿರಿದು, ಎಡಗಡೆಯದು ಕಿರಿದು. ಅದು ಹುಟ್ಟಿನಿಂದಲೇ ಬಂದದ್ದು. ಒಂದು ಕಡೆ ಮಾತ್ರ ಕಿರಿದಾಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಎರಡೂ ಕಡೆ ಕಿವಿಯ ಹಿಂದಿನ ತಿರುವಿನ ಬಳಿ ಕಿರಿದಾದಾಗ ಮಿದುಳಿನ ರಕ್ತಕ್ಕೆ ಹೊರದಾರಿ ಬಿಗಿಯಾಗುತ್ತದೆ. ಕಿರಿದಾದ ಜಾಗದಲ್ಲಿ ರಕ್ತ ನುಗ್ಗುವ ಸದ್ದೇ ಪಕ್ಕದ ಕಿವಿಗೆ ಕೇಳುವ ಸುಂಯ್ ಶಬ್ದ. ಕತ್ತಿನ ಅದೇ ಪಕ್ಕವನ್ನು ವೈದ್ಯರು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಎಷ್ಟೋ ರೋಗಿಗಳಲ್ಲಿ ಆ ಸದ್ದು ತಟ್ಟನೆ ನಿಲ್ಲುತ್ತದೆ. ಕಿವಿಯ ಕಾಯಿಲೆ ಎಂದು ತಿಂಗಳುಗಟ್ಟಲೆ ಅಲೆದವರಿಗೆ ಅದು ಅಭಿಧಮನಿಯ ಸದ್ದು ಎಂದು ತಿಳಿಯುವುದು ಆಗ.

ಜರ್ಮನಿಯ ಕೀಲ್ ನಗರದ ವೈದ್ಯ ಹೈನ್ರಿಶ್ ಕ್ವಿಂಕೆ 1891ರಲ್ಲಿ ಬೆನ್ನಿನ ಮೂಳೆಗಳ ನಡುವೆ ಸೂಜಿ ಹಾಕಿ ದ್ರವ ತೆಗೆಯುವ ವಿಧಾನವನ್ನು ಬಳಕೆಗೆ ತಂದರು. ತಲೆಯ ಒತ್ತಡವನ್ನು ಅಳೆಯಲು ಸಾಧ್ಯವಾದದ್ದು ಅಲ್ಲಿಂದ. ಗಡ್ಡೆಯಾಗಲಿ, ಕೀವಾಗಲಿ ಇಲ್ಲದೆ ಒತ್ತಡ ಏರಿದ ರೋಗಿಗಳನ್ನು ಅವರೇ ಗುರುತಿಸಿದರು. 1904ರಲ್ಲಿ ಹ್ಯಾಂಬರ್ಗಿನ ಮ್ಯಾಕ್ಸ್ ನೋನೆ ಇದಕ್ಕೆ ‘ಸೂಡೋಟ್ಯೂಮರ್’, ಅಂದರೆ ಗಡ್ಡೆಯನ್ನು ಹೋಲುವ ರೋಗ, ಎಂದು ಹೆಸರಿಟ್ಟರು. 1931ರಲ್ಲಿ ಲಂಡನ್ನಿನ ಚಾರ್ಲ್ಸ್ ಸೈಮಂಡ್ಸ್ ಇನ್ನೊಂದು ಸುಳಿವು ಹಿಡಿದರು. ಕಿವಿ ಸೋರುವ ಮಕ್ಕಳಲ್ಲಿ ಕೆಲವರಿಗೆ ಇದೇ ಬಗೆಯ ಒತ್ತಡ ಬರುತ್ತಿತ್ತು. ಕಿವಿಯ ಸೋಂಕು ಪಕ್ಕದ ಸೈನಸ್ಸಿಗೆ ಹರಡಿ ಅಲ್ಲಿ ರಕ್ತ ಹೆಪ್ಪುಗಟ್ಟುತ್ತಿದ್ದುದು ಅದಕ್ಕೆ ಕಾರಣ ಎಂಬುದು ಮುಂದೆ ಸ್ಪಷ್ಟವಾಯಿತು. ಪ್ರತಿಜೀವಕ ಔಷಧಿಗಳು ಬರುವ ಮುಂಚಿನ ಕಾಲ ಅದು.

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ನರ ಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ 1937ರಲ್ಲಿ 22 ರೋಗಿಗಳ ವಿವರ ಒಟ್ಟುಗೂಡಿಸಿ ಬರೆದರು. ಈ ರೋಗವನ್ನು ಗುರುತಿಸಲು ಇಂದಿಗೂ ಬಳಸುವ ಲಕ್ಷಣಗಳ ಪಟ್ಟಿಗೆ ಅವರದೇ ಹೆಸರು. ತಲೆಯೊಳಗಿನ ರಕ್ತದ ಪ್ರಮಾಣ ಏರಿಳಿಯುವುದೇ ಇದರ ಮೂಲ ಇರಬಹುದೆಂದು ಡ್ಯಾಂಡಿ ಊಹಿಸಿದ್ದರು. ಊಹೆಯನ್ನು ಪರೀಕ್ಷಿಸುವ ಸಾಧನ ಮಾತ್ರ ಅವರ ಕೈಯಲ್ಲಿ ಇರಲಿಲ್ಲ. ಬುರುಡೆಯ ಪಕ್ಕದ ಮೂಳೆಯನ್ನು ಒಂದಿಷ್ಟು ಕತ್ತರಿಸಿ ಮಿದುಳಿಗೆ ಜಾಗ ಮಾಡಿಕೊಡುವುದೇ ಆ ದಿನಗಳ ಚಿಕಿತ್ಸೆ.

1955ರಲ್ಲಿ ಈ ರೋಗಕ್ಕೆ ನಿರುಪದ್ರವಿ ಎಂಬ ವಿಶೇಷಣ ಅಂಟಿಕೊಂಡಿತು. ಪ್ರಾಣ ತೆಗೆಯುವುದಿಲ್ಲವಲ್ಲ ಎಂಬ ಅರ್ಥದಲ್ಲಿ. ಅಮೆರಿಕದ ಜೇಮ್ಸ್ ಕಾರ್ಬೆಟ್ ಮತ್ತು ಸಂಗಡಿಗರು 57 ರೋಗಿಗಳನ್ನು 5ರಿಂದ 41 ವರ್ಷಗಳವರೆಗೆ ಹಿಂಬಾಲಿಸಿ 1982ರಲ್ಲಿ ಬರೆದ ವರದಿ ಆ ವಿಶೇಷಣವನ್ನು ಉಳಿಯಗೊಡಲಿಲ್ಲ. ಗಣನೀಯ ಸಂಖ್ಯೆಯ ರೋಗಿಗಳು ಶಾಶ್ವತವಾಗಿ ದೃಷ್ಟಿ ಕಳೆದುಕೊಂಡಿದ್ದರು. ಪ್ರಾಯದ ಹೆಂಗಸೊಬ್ಬಳ ಕಣ್ಣು ಹೋಗುವ ರೋಗವನ್ನು ನಿರುಪದ್ರವಿ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಕಣ್ಣು ಹೋಗುವ ಬಗೆಯೂ ಮೋಸದ್ದು. ದೃಷ್ಟಿನರದ ಸುತ್ತ ಮಿದುಳಿನದೇ ಹೊದಿಕೆ ಇದೆ, ಅದರೊಳಗೆ ಮಿದುಳಿನದೇ ದ್ರವ ಇದೆ. ತಲೆಯ ಒತ್ತಡ ಆ ಹೊದಿಕೆಯ ಜೊತೆ ಕಣ್ಣಿನ ಹಿಂಭಾಗದವರೆಗೂ ಬರುತ್ತದೆ. ಅಲ್ಲಿ ನರದ ತುದಿ ಊದುತ್ತದೆ. ಕನ್ನಡಿಯ ಸಹಾಯದಿಂದ ಜೀವಂತ ಮನುಷ್ಯನ ಕಣ್ಣಿನೊಳಗೆ ನೋಡುವ ಉಪಕರಣವನ್ನು ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಲೋಕಕ್ಕೆ ಕೊಟ್ಟರು. ಹತ್ತು ವರ್ಷ ತುಂಬುವ ಮೊದಲೇ, 1860ರಲ್ಲಿ, ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಈ ಊತವನ್ನೂ ತಲೆಯ ಒತ್ತಡವನ್ನೂ ಜೋಡಿಸಿ ತೋರಿಸಿದರು. ಊತ ಬಂದ ಮೇಲೆ ಮೊದಲು ಸವೆಯುವುದು ನೋಟದ ಅಂಚು. ನೇರ ನೋಟ ಕೊನೆಯವರೆಗೂ ಉಳಿದಿರುತ್ತದೆ. ರೋಗಿ ಗೋಡೆಯ ಮೇಲಿನ ಪಟ್ಟಿಯಲ್ಲಿ ಕೊನೆಯ ಸಾಲಿನ ಅಕ್ಷರಗಳನ್ನೂ ಓದುತ್ತಾಳೆ, ಮೊಬೈಲ್ ನೋಡುತ್ತಾಳೆ, ಸೂಜಿಗೆ ದಾರ ಪೋಣಿಸುತ್ತಾಳೆ. ಪಕ್ಕದಿಂದ ಬಂದ ಗಾಡಿ ಮಾತ್ರ ಕಾಣುವುದಿಲ್ಲ. ಅದಕ್ಕಾಗಿಯೇ ಇಂಥವರಿಗೆ ದೃಷ್ಟಿವ್ಯಾಪ್ತಿ ಅಳೆಯುವ ಫೀಲ್ಡ್ ಟೆಸ್ಟ್ ಕಡ್ಡಾಯ. ಅಕ್ಷರದ ಪಟ್ಟಿ ಸಾಲದು.

ಮತ್ತೆ ಅಭಿಧಮನಿಗಳಿಗೆ ಬರೋಣ. ಏಕೆಂದರೆ ಈ ರೋಗದ ಅತ್ಯಂತ ಕುತೂಹಲದ ವಾದ ಇರುವುದು ಅಲ್ಲಿ.

1995ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಜಾನ್ ಕಿಂಗ್ ಮತ್ತು ಸಂಗಡಿಗರು ತೆಳುವಾದ ಕೊಳವೆಯನ್ನು ರಕ್ತನಾಳದ ಮೂಲಕ ಮಿದುಳಿನ ಸೈನಸ್‌ಗಳವರೆಗೆ ಒಯ್ದು, ಒಂದೊಂದು ಜಾಗದ ಒತ್ತಡವನ್ನು ನೇರವಾಗಿ ಅಳೆದರು. ನೆತ್ತಿಯ ಸೈನಸ್‌ನಲ್ಲಿ ಒತ್ತಡ ಜಾಸ್ತಿ. ಅಡ್ಡ ಸೈನಸ್ಸಿನ ಕಿರಿದಾದ ಜಾಗ ದಾಟಿದ ಕೂಡಲೇ ಅದು ಥಟ್ಟನೆ ಇಳಿಯುತ್ತಿತ್ತು. ಹಾಗಾದರೆ ತಡೆ ಇರುವುದು ಅಲ್ಲೇ. ಎಂಟು ವರ್ಷಗಳ ನಂತರ ಟೊರಾಂಟೋದ ರಿಚರ್ಡ್ ಫಾರ್ಬ್ ಅವರ ತಂಡ ಅಭಿಧಮನಿಗಳನ್ನೇ ಗುರಿಯಾಗಿಸಿದ ಸುಧಾರಿತ ಎಂಆರ್ ಚಿತ್ರ ತೆಗೆಯಿತು. 29 ಐಐಎಚ್ ರೋಗಿಗಳಲ್ಲಿ 27 ಮಂದಿಗೆ ಎರಡೂ ಕಡೆ ಸೈನಸ್ ಕಿರಿದಾಗಿತ್ತು. ಈ ರೋಗ ಇಲ್ಲದ 59 ಮಂದಿಯಲ್ಲಿ ಹಾಗಿದ್ದದ್ದು 4 ಜನರಿಗೆ ಮಾತ್ರ. ಮಾಮೂಲಿ ಸ್ಕ್ಯಾನ್ ನೋಡಿ ‘ಏನೂ ಇಲ್ಲ’ ಎಂದು ಮನೆಗೆ ಕಳಿಸಿದ್ದ ತಲೆಗಳಲ್ಲಿ ಇಷ್ಟು ದಿನ ಇದ್ದದ್ದು ಇದು.

ಆದರೆ ಮೆಲ್ಬರ್ನಿನ ತಂಡವೇ 2002ರಲ್ಲಿ ಇನ್ನೊಂದು ಪ್ರಯೋಗ ಮಾಡಿ ತನ್ನ ಮೊದಲ ಶೋಧಕ್ಕೆ ತಾನೇ ಪ್ರಶ್ನೆ ಹಾಕಿತು. ಸೈನಸ್ಸಿನ ಒತ್ತಡ ಅಳೆಯುತ್ತಿರುವಾಗಲೇ ಕತ್ತಿನ ಮೇಲ್ಭಾಗದಲ್ಲಿ ಸೂಜಿ ಹಾಕಿ ಒಂದಿಷ್ಟು ದ್ರವ ಹೊರತೆಗೆದರು. ದ್ರವ ಇಳಿಯುತ್ತಿದ್ದಂತೆ ಸೈನಸ್ಸಿನ ಒತ್ತಡವೂ ಇಳಿಯಿತು, ಕಿರಿದಾದ ಜಾಗದ ಹಿಂದೆ ಮುಂದೆ ಇದ್ದ ವ್ಯತ್ಯಾಸವೂ ಕರಗಿತು. ಅಂದರೆ ನಾಳ ತಾನಾಗಿ ಕಿರಿದಾಗಿರಲಿಲ್ಲ. ಹೊರಗಿನ ದ್ರವದ ಒತ್ತಡ ಅದನ್ನು ಅದುಮಿತ್ತು. ಹಾಗಾದರೆ ಕಾರಣ ಯಾವುದು, ಪರಿಣಾಮ ಯಾವುದು?

ತೋಟಕ್ಕೆ ನೀರು ಹಾಯಿಸುವ ಚಪ್ಪಟೆ ಪ್ಲಾಸ್ಟಿಕ್ ಪೈಪನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳಗೆ ನೀರಿನ ಒತ್ತಡ ಇರುವವರೆಗೆ ಅದು ದುಂಡಗೆ ನಿಲ್ಲುತ್ತದೆ. ಮೇಲಿನ ಭಾರ ಒಳಗಿನ ಒತ್ತಡವನ್ನು ಮೀರಿದರೆ ಅಲ್ಲೇ ಚಪ್ಪಟೆಯಾಗುತ್ತದೆ, ಹಿಂದಿನ ಭಾಗ ಉಬ್ಬುತ್ತದೆ. ಮಿದುಳಿನ ಅಡ್ಡ ಸೈನಸ್ಸೂ ಬಹಳ ಜನರಲ್ಲಿ ಹೀಗೆ ಅದುಮಿಸಿಕೊಳ್ಳುವಂಥದ್ದು. ತಲೆಯ ದ್ರವದ ಒತ್ತಡ ಸ್ವಲ್ಪ ಏರಿದರೆ ಸೈನಸ್ ಚಪ್ಪಟೆಯಾಗುತ್ತದೆ. ಚಪ್ಪಟೆಯಾದರೆ ಅದರ ಹಿಂದೆ ಅಭಿಧಮನಿಯ ಒತ್ತಡ ಏರುತ್ತದೆ. ಅದು ಏರಿದರೆ ದ್ರವ ರಕ್ತಕ್ಕೆ ಇಳಿಯುವುದು ಕಡಿಮೆಯಾಗಿ ದ್ರವದ ಒತ್ತಡ ಇನ್ನಷ್ಟು ಏರುತ್ತದೆ. ಸೈನಸ್ ಇನ್ನಷ್ಟು ಚಪ್ಪಟೆ. ಎಲ್ಲಿಂದ ಶುರುವಾಯಿತು ಎಂದು ಜಗಳವಾಡಬಹುದು. ಶುರುವಾದ ಮೇಲೆ ಅದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಸುತ್ತು. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಿದರೆ ಸಾಕು. ದ್ರವ ಕಡಿಮೆ ಮಾಡಿಯಾದರೂ ಕತ್ತರಿಸಬಹುದು, ಸೈನಸ್ ತೆರೆದಿಟ್ಟಾದರೂ ಕತ್ತರಿಸಬಹುದು.

ಸೈನಸ್ ತೆರೆದಿಡುವ ಧೈರ್ಯವನ್ನು ಮೊದಲು ಮಾಡಿದವರು ಕೇಂಬ್ರಿಜ್‌ನ ಆಡನ್‌ಬ್ರೂಕ್ಸ್ ಆಸ್ಪತ್ರೆಯವರು. ನಿಕೊಲಸ್ ಹಿಗಿನ್ಸ್, ಜಾನ್ ಪಿಕಾರ್ಡ್ ಮತ್ತಿತರರು ಯಾವ ಚಿಕಿತ್ಸೆಗೂ ಬಗ್ಗದ ಒಬ್ಬ ಮಹಿಳೆಯ ಕಿರಿದಾದ ಸೈನಸ್ಸಿಗೆ ಸ್ಟೆಂಟ್ ಕೂರಿಸಿದರು. ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್ ಕನ್ನಡಿಗರ ಮನೆಮನೆಗೂ ಗೊತ್ತು. ಇದು ಅದೇ ಜಾತಿಯ ಲೋಹದ ಬಲೆ. ಒತ್ತಡದ ವ್ಯತ್ಯಾಸ ಇಳಿಯಿತು, ಆಕೆಯ ತೊಂದರೆಯೂ ಬಹಳ ಮಟ್ಟಿಗೆ ಇಳಿಯಿತು. 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆ ವರದಿ ಬಂತು. 2011ರಲ್ಲಿ ಸಿಡ್ನಿಯ ವೈದ್ಯರು 52 ರೋಗಿಗಳ ಅನುಭವ ಪ್ರಕಟಿಸಿದರು. ಬಹುತೇಕರ ಕಣ್ಣಿನ ಊತ ಇಳಿದಿತ್ತು. 6 ಮಂದಿಗೆ ಸ್ಟೆಂಟ್‌ನ ಪಕ್ಕದಲ್ಲೇ ನಾಳ ಮತ್ತೆ ಕಿರಿದಾಗಿ ಎರಡನೆಯ ಸಲ ಚಿಕಿತ್ಸೆ ಬೇಕಾಯಿತು.

ವಿಧಾನ ಹೀಗಿದೆ. ಮೊದಲು ರೋಗಿ ಎಚ್ಚರವಾಗಿರುವಾಗಲೇ ತೊಡೆಸಂದಿಯ ಅಭಿಧಮನಿಯಿಂದ ಸಣ್ಣ ಕೊಳವೆ ಒಯ್ದು ಕಿರಿದಾದ ಜಾಗದ ಹಿಂದೆ ಮುಂದೆ ಒತ್ತಡ ಅಳೆಯುತ್ತಾರೆ. ವ್ಯತ್ಯಾಸ ಪಾದರಸದ 8 ಮಿಲಿಮೀಟರ್ ಅಥವಾ ಹೆಚ್ಚು ಇದ್ದರೆ ಬಹಳಷ್ಟು ಕೇಂದ್ರಗಳಲ್ಲಿ ಸ್ಟೆಂಟ್ ಯೋಚಿಸುತ್ತಾರೆ. ಚಿತ್ರದಲ್ಲಿ ಕಿರಿದಾಗಿ ಕಂಡ ಮಾತ್ರಕ್ಕೆ ಹಾಕುವುದಿಲ್ಲ, ಹಾಕಲೂ ಬಾರದು. ಸಾಮಾನ್ಯವಾಗಿ ಒಂದು ಕಡೆ ಸಾಕಾಗುತ್ತದೆ. ಮೊದಲೂ ಆಮೇಲೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳಬೇಕು. ಅಪರೂಪವಾದರೂ ಮಿದುಳಿನ ರಕ್ತಸ್ರಾವದಂಥ ಗಂಭೀರ ಅಪಾಯಗಳಿವೆ. ಇಲ್ಲಿಯವರೆಗಿನ ಸಾಕ್ಷ್ಯದ ಬಹುಪಾಲು ಆಯಾ ಆಸ್ಪತ್ರೆಗಳು ತಮ್ಮ ರೋಗಿಗಳನ್ನು ಹಿಂಬಾಲಿಸಿ ಬರೆದಿಟ್ಟ ದಾಖಲೆಗಳಿಂದ ಬಂದದ್ದು. ಆದ್ದರಿಂದ ಇದು ಮೊದಲ ಚಿಕಿತ್ಸೆ ಅಲ್ಲ. ಔಷಧಿಗೆ ಒತ್ತಡ ಇಳಿಯದೆ ಕಣ್ಣು ಕುಂದುತ್ತಿರುವವರಿಗೆ, ಪರಿಣತರ ಕೈಯಲ್ಲಿ, ಇದು ದೊಡ್ಡ ಆಸರೆ. ದ್ರವವನ್ನು ಹೊಟ್ಟೆಗೆ ಹರಿಸುವ ಷಂಟ್ ಕೊಳವೆ, ದೃಷ್ಟಿನರದ ಹೊದಿಕೆಗೆ ಕಿಟಕಿ ಕೊರೆಯುವ ಶಸ್ತ್ರಕ್ರಿಯೆ, ಇವೆರಡೂ ಇನ್ನೂ ಬಳಕೆಯಲ್ಲಿವೆ. ದೃಷ್ಟಿ ದಿನದಿನಕ್ಕೆ ಇಳಿಯುತ್ತಿದ್ದರೆ ಕಾಯುವಂತಿಲ್ಲ. ಗಂಟೆಗಳ ಲೆಕ್ಕದಲ್ಲಿ ನಿರ್ಧಾರ ಆಗಬೇಕು.

ಮೊದಲ ಚಿಕಿತ್ಸೆ ಬಹಳ ಸರಳ. ಅಸೆಟಜೋಲಮೈಡ್ ಎಂಬ ಮಾತ್ರೆ, ಔಷಧಿ ಅಂಗಡಿಯವರಿಗೆ ಡಯಾಮಾಕ್ಸ್ ಎಂದರೆ ಗೊತ್ತು. ಗ್ಲಾಕೋಮಾಕ್ಕೂ, ಎತ್ತರದ ಬೆಟ್ಟ ಹತ್ತುವವರ ತಲೆಸುತ್ತಿಗೂ ಕೊಡುವ ಹಳೆಯ ಔಷಧಿ. ಮಿದುಳಿನ ದ್ರವದ ಉತ್ಪತ್ತಿಯನ್ನು ಅದು ತಗ್ಗಿಸುತ್ತದೆ. ಬೆರಳ ತುದಿ ಜುಮ್ಮೆನ್ನುತ್ತದೆ, ಸೋಡಾ ಕುಡಿದರೆ ಸಪ್ಪೆ ಎನಿಸುತ್ತದೆ. ಇವಕ್ಕೆ ಹೆದರಿ ಮಾತ್ರೆ ಬಿಟ್ಟವರು ಬಹಳ. ಅಮೆರಿಕದಲ್ಲಿ ಮೈಕಲ್ ವಾಲ್ ಅವರ ಮುಂದಾಳತ್ವದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 165 ರೋಗಿಗಳಿದ್ದರು, ಅವರಲ್ಲಿ 161 ಹೆಂಗಸರು. ಎಲ್ಲರಿಗೂ ಉಪ್ಪು ಕಡಿಮೆ ಇರುವ, ತೂಕ ಇಳಿಸುವ ಆಹಾರ ಹೇಳಿದ್ದರು. ಅರ್ಧದಷ್ಟು ಮಂದಿಗೆ ಅದರ ಜೊತೆ ಈ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ. ಆರು ತಿಂಗಳಲ್ಲಿ ಔಷಧಿ ತೆಗೆದುಕೊಂಡವರ ದೃಷ್ಟಿವ್ಯಾಪ್ತಿ ಹೆಚ್ಚು ಸುಧಾರಿಸಿತ್ತು.

ತೂಕದ ಮಾತು ಬಂದಾಗ ರೋಗಿಗಳು ತಲೆ ತಗ್ಗಿಸುತ್ತಾರೆ. ಹಾಗಾಗಬೇಕಿಲ್ಲ. ತೂಕ ಹೆಚ್ಚಿರುವ ಪ್ರಾಯದ ಹೆಂಗಸರಲ್ಲಿ ಈ ರೋಗ ಉಳಿದವರಿಗಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದು ನಿಜ. ಹಾಗೆಂದು ಅದು ಅವರ ಸೋಮಾರಿತನದ ಫಲವಲ್ಲ. ತೆಳ್ಳಗಿರುವವರಿಗೂ, ಗಂಡಸರಿಗೂ, ಮಕ್ಕಳಿಗೂ ಇದು ಬಂದಿದೆ. ತೂಕ ಇಳಿದರೆ ಒತ್ತಡ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಒದಗಿಸಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ತಂಡ. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 25 ಮಹಿಳೆಯರು ವೈದ್ಯರ ಕಣ್ಗಾವಲಿನಲ್ಲಿ ಮೂರು ತಿಂಗಳು ದಿನಕ್ಕೆ ಬರೀ 425 ಕ್ಯಾಲೊರಿಯ ಆಹಾರದಲ್ಲಿದ್ದರು. ಅವರು ಸರಾಸರಿ 15 ಕಿಲೋಗೂ ಹೆಚ್ಚು ಇಳಿದರು, ದ್ರವದ ಒತ್ತಡ ಸರಾಸರಿ 80 ಮಿಲಿಮೀಟರ್ ನೀರಿನಷ್ಟು ಇಳಿಯಿತು. ಮನೆಯಲ್ಲಿ ತಾವಾಗಿ ಮಾಡುವ ಉಪವಾಸ ಇದಲ್ಲ. 66 ಮಹಿಳೆಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಹೊಟ್ಟೆಯ ಬೇರಿಯಾಟ್ರಿಕ್ ಶಸ್ತ್ರಕ್ರಿಯೆ ಮಾಡಿಸಿಕೊಂಡವರ ಒತ್ತಡ ಬರೀ ಪಥ್ಯದವರಿಗಿಂತ ಹೆಚ್ಚು ಇಳಿದು, ಎರಡು ವರ್ಷ ಹಾಗೇ ಉಳಿಯಿತು.

ಕೆಲವು ಔಷಧಿಗಳೂ ಒತ್ತಡ ಏರಿಸುತ್ತವೆ. ಇದನ್ನು ಮನೆಯಲ್ಲಿ ಪ್ರಾಯದ ಹುಡುಗಿಯರು ಇರುವವರು ಗಮನವಿಟ್ಟು ಕೇಳಬೇಕು. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಮಾತ್ರೆಗಳು, ಅದೇ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಇವು ಆ ಪಟ್ಟಿಯಲ್ಲಿ ಮುಂದೆ ಇವೆ. ಐಸೊಟ್ರೆಟಿನಾಯಿನ್ ಅನ್ನು ಮೊದಲೆರಡರಲ್ಲಿ ಯಾವುದರ ಜೊತೆಗಾದರೂ ತೆಗೆದುಕೊಳ್ಳುವುದು ಇನ್ನೂ ಅಪಾಯ. ಐಸೊಟ್ರೆಟಿನಾಯಿನ್ ಎ ಜೀವಸತ್ವದ ಬಂಧು. ಎ ಜೀವಸತ್ವ ಮಿತಿ ಮೀರಿದರೆ ತಲೆಯ ಒತ್ತಡ ಏರುವುದು ಹಳೆಯ ಸಂಗತಿ. ಧ್ರುವ ಪ್ರದೇಶಗಳಿಗೆ ಹೋದ ಅನ್ವೇಷಕರು ಹಿಮಕರಡಿಯ ಯಕೃತ್ತು ತಿಂದು ಭಯಂಕರ ತಲೆನೋವು, ವಾಂತಿಗೆ ಬಿದ್ದದ್ದು ಅದರಲ್ಲಿ ತುಂಬಿರುವ ಎ ಜೀವಸತ್ವದಿಂದ. ಬಹುಕಾಲ ತೆಗೆದುಕೊಂಡ ಸ್ಟೀರಾಯ್ಡ್ ಅನ್ನು ದಿಢೀರನೆ ನಿಲ್ಲಿಸಿದರೂ ಒತ್ತಡ ಏರಬಹುದು. ರಕ್ತಹೀನತೆ ತೀವ್ರವಾಗಿದ್ದಾಗಲೂ ಇಂಥ ಊತ ಕಂಡಿದೆ. ಅಂಥವರಲ್ಲಿ ರಕ್ತ ಸುಧಾರಿಸಿದರೆ ಕಣ್ಣೂ ಸುಧಾರಿಸುತ್ತದೆ.

ಅಭಿಧಮನಿಯ ದಾರಿ ಕಟ್ಟುವುದರ ಇನ್ನೊಂದು ಮುಖ ಕರ್ನಾಟಕಕ್ಕೆ ಬಹಳ ಹತ್ತಿರದ್ದು. ಸೈನಸ್ ಕಿರಿದಾಗುವುದಲ್ಲ, ಅದರಲ್ಲಿ ರಕ್ತವೇ ಹೆಪ್ಪುಗಟ್ಟುವುದು. ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಜಾಸ್ತಿ. ಅದರ ಮೇಲೆ ಹಳೆಯ ಬಾಣಂತನದ ಕಟ್ಟುಪಾಡು ಸೇರಿದರೆ? ಬಿಸಿ ಕೋಣೆ, ತಲೆಗೆ ಬಿಗಿದ ಬಟ್ಟೆ, ನೀರು ಕುಡಿದರೆ ಶೀತ ಎಂದು ಅಳೆದು ಕೊಡುವ ಗುಟುಕು. ಮೈಯಲ್ಲಿ ನೀರಿನಂಶ ಕುಗ್ಗಿ ರಕ್ತ ಮಂದವಾಗುತ್ತದೆ. ಜೊತೆಗೆ ರಕ್ತಹೀನತೆ, ಸೋಂಕು. ಬಾಣಂತಿಗೆ ತಡೆಯಲಾರದ ತಲೆನೋವು, ವಾಂತಿ, ಆಮೇಲೆ ಫಿಟ್ಸ್, ಒಂದು ಕೈ ಅಥವಾ ಕಾಲು ಸ್ವಾಧೀನ ತಪ್ಪುವುದು. ಹಳ್ಳಿಗಳಲ್ಲಿ ಇದನ್ನು ಬಾಣಂತಿ ಸನ್ನಿ ಎಂದು ಹೇಳಿ, ದೃಷ್ಟಿ ತೆಗೆಸಿ, ಅಮೂಲ್ಯ ದಿನಗಳನ್ನು ಕಳೆದದ್ದುಂಟು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇಂಥ ತಾಯಂದಿರಿಗೆ ಚಿಕಿತ್ಸೆ ಕೊಟ್ಟು, ಅಧ್ಯಯನ ಮಾಡಿ ಬರೆದಿದ್ದಾರೆ. ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಬಾಣಂತಿಯರಲ್ಲಿ ಕಡಿಮೆ ಪ್ರಮಾಣದ ಹೆಪಾರಿನ್‌ನಿಂದ ಆಗುವ ಪ್ರಯೋಜನವನ್ನು 1999ರಲ್ಲಿ ಪ್ರಕಟಿಸಿದರು.

ಹೆಪಾರಿನ್ ರಕ್ತ ತೆಳುವಾಗಿಸುವ ಔಷಧಿ. ಮಿದುಳಿನಲ್ಲಿ ಒಂದಿಷ್ಟು ರಕ್ತ ಸೋರಿದ್ದರೂ ಅದನ್ನು ಕೊಡಬಹುದೇ ಎಂದು ವೈದ್ಯರು ಬಹುಕಾಲ ಅಂಜಿದ್ದರು. ಜರ್ಮನಿಯ ಕಾರ್ಲ್ ಐನ್‌ಹಾಯ್ಪಲ್ 20 ರೋಗಿಗಳ ಸಣ್ಣ ಪ್ರಯೋಗವನ್ನು 1991ರಲ್ಲಿ ಪ್ರಕಟಿಸಿದರು. ಹೆಪಾರಿನ್ ಪಡೆದ 10 ಮಂದಿಯಲ್ಲಿ ಯಾರೂ ಸಾಯಲಿಲ್ಲ. ಪಡೆಯದ 10 ಮಂದಿಯಲ್ಲಿ 3 ಜನ ತೀರಿಕೊಂಡರು. ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು, ವ್ಯತ್ಯಾಸ ಅಷ್ಟು ಸ್ಪಷ್ಟವಾಗಿತ್ತು. ಇಂದು ಬೇಗ ಬಂದ ಬಾಣಂತಿಯರಲ್ಲಿ ಬಹುಪಾಲು ಜನ ಚೇತರಿಸಿಕೊಂಡು ಮಗುವಿನೊಂದಿಗೆ ಮನೆಗೆ ಹೋಗುತ್ತಾರೆ. ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಿ. ಹೆರಿಗೆಯ ನಂತರ ದಿನದಿನಕ್ಕೆ ಏರುವ ತಲೆನೋವನ್ನು ಕಷಾಯದಲ್ಲಿ ಕಳೆಯಲು ಕಾಯಬೇಡಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಹೊಸದಾಗಿ ಇಂಥ ತಲೆನೋವು ಬಂದರೆ, ಆ ಮಾತ್ರೆಯ ವಿಷಯವನ್ನು ವೈದ್ಯರಿಗೆ ಮುಚ್ಚಿಡಬಾರದು. ಐಐಎಚ್ ಎಂದು ತೀರ್ಮಾನಿಸುವ ಮುನ್ನ ಅಭಿಧಮನಿಗಳ ಚಿತ್ರ ತೆಗೆಸುವುದು ಇದೇ ಕಾರಣಕ್ಕೆ, ಹೆಪ್ಪು ಇಲ್ಲ ಎಂದು ಖಚಿತಪಡಿಸಿಕೊಳ್ಳಲು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ಎದ್ದು ನಿಂತಾಗ ತಲೆಯ ರಕ್ತ ಭೂಮಿಯ ಸೆಳೆತಕ್ಕೆ ಕೆಳಗಿಳಿಯುತ್ತದೆ. ಮಲಗಿದಾಗ ಆ ನೆರವು ಇಲ್ಲ. ಒತ್ತಡದ ತಲೆನೋವು ಬಹಳ ಜನರಲ್ಲಿ ಮಲಗಿದಾಗ, ಬೆಳಗಿನ ಜಾವ ಹೆಚ್ಚಾಗುವುದು ಅದಕ್ಕೆ. ಸೆಳೆತವೇ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಬಾಹ್ಯಾಕಾಶಯಾತ್ರಿಗಳ ದೇಹ ತೋರಿಸಿದೆ. ತಿಂಗಳುಗಟ್ಟಲೆ ಅಂತರಿಕ್ಷ ನಿಲ್ದಾಣದಲ್ಲಿದ್ದು ಬಂದ ಕೆಲವರ ದೃಷ್ಟಿನರದಲ್ಲಿ ಊತ ಕಂಡಿತು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 11 ಯಾತ್ರಿಗಳಲ್ಲಿ 6 ಜನರ ಕತ್ತಿನ ಅಭಿಧಮನಿಯಲ್ಲಿ ರಕ್ತ ನಿಂತಿತ್ತು ಅಥವಾ ಹಿಂದಕ್ಕೆ ಹರಿಯುತ್ತಿತ್ತು. ಐಐಎಚ್‌ಗೂ ಇದಕ್ಕೂ ವ್ಯತ್ಯಾಸಗಳಿವೆ, ಎರಡೂ ಒಂದೇ ಅಲ್ಲ. ಆದರೆ ಅಭಿಧಮನಿ, ದ್ರವ, ಕಣ್ಣು ಈ ಮೂರೂ ಒಂದಕ್ಕೊಂದು ಎಷ್ಟು ಬಿಗಿಯಾಗಿ ಕಟ್ಟಿಕೊಂಡಿವೆ ಎಂಬುದು ಅಲ್ಲೂ ಕಂಡಿದೆ.

ಇಷ್ಟೆಲ್ಲ ತಿಳಿದ ಮೇಲೂ ರೋಗಿಯ ಕಣ್ಣು ಉಳಿಯುವುದು ಒಂದು ಸಣ್ಣ ಪರೀಕ್ಷೆ ಸರಿಯಾದ ಹೊತ್ತಿಗೆ ನಡೆಯುವುದರ ಮೇಲೆ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡುವುದು ಆ ಪರೀಕ್ಷೆಯಲ್ಲ. ಅಲ್ಲಿ ಕಣ್ಣಿನ ಹಿಂಭಾಗ ನೋಡುವುದಿಲ್ಲ. ಬಗ್ಗಿದಾಗ ಕಣ್ಣು ಕತ್ತಲಾಗುವುದು, ನಾಡಿಯ ತಾಳಕ್ಕೆ ಕಿವಿಯಲ್ಲಿ ಸದ್ದು, ಒಂದು ವಸ್ತು ಎರಡಾಗಿ ಕಾಣುವುದು, ಇವು ತಲೆನೋವಿನ ಜೊತೆ ಇದ್ದರೆ ಕಣ್ಣಿನ ವೈದ್ಯರ ಬಳಿ ‘ಹನಿ ಹಾಕಿ ಹಿಂಭಾಗ ನೋಡಿ’ ಎಂದು ಬಾಯಿಬಿಟ್ಟು ಕೇಳಬೇಕು. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ, ಜಿಲ್ಲಾ ಆಸ್ಪತ್ರೆಗಳ ಕಣ್ಣಿನ ವಿಭಾಗದಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಇದು ನಿತ್ಯ ನಡೆಯುವ ಪರೀಕ್ಷೆ. ಹನಿ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕಾಗಿ ಕಾಣುವುದರಿಂದ ಜೊತೆಗೊಬ್ಬರು ಇರುವುದು ಒಳ್ಳೆಯದು. ಊತ ಕಂಡರೆ ಅದೇ ದಿನ ನರರೋಗ ತಜ್ಞರಿಗೆ ಚೀಟಿ ಬರೆಸಿಕೊಳ್ಳಬೇಕು. ಚಿಕಿತ್ಸೆ ಶುರುವಾದ ಮೇಲೆ ತಲೆನೋವು ಹೋಯಿತೆಂದು ಫೀಲ್ಡ್ ಟೆಸ್ಟ್ ತಪ್ಪಿಸಬಾರದು. ತಲೆನೋವು ಇಳಿದೂ ಊತ ಉಳಿದಿರುವವರಿದ್ದಾರೆ. ಊತ ಇಳಿದೂ ತಲೆನೋವು ಉಳಿದವರೂ ಇದ್ದಾರೆ, ಅವರಿಗೆ ಆ ನೋವಿಗೇ ಬೇರೆ ಚಿಕಿತ್ಸೆ ಬೇಕು. ಕೆಲವರಲ್ಲಿ ತೂಕ ಮತ್ತೆ ಏರಿದಾಗ ವರ್ಷಗಳ ನಂತರವೂ ರೋಗ ಮರಳಿದೆ. ಆದ್ದರಿಂದ ಮೊದಲ ಸಲದ ಕಣ್ಣಿನ ಚಿತ್ರ, ಫೀಲ್ಡ್ ಟೆಸ್ಟಿನ ಹಾಳೆ, ಬೆನ್ನಿನ ದ್ರವದ ಒತ್ತಡ ಬರೆದ ಚೀಟಿ, ಇವನ್ನು ಒಂದೇ ಫೈಲಿನಲ್ಲಿ ಇಟ್ಟುಕೊಂಡು ಪ್ರತಿ ಸಲವೂ ವೈದ್ಯರ ಮುಂದೆ ಇಡಬೇಕು. ಹೊಸ ಚಿತ್ರವನ್ನು ಹಳೆಯದರ ಪಕ್ಕ ಇಟ್ಟು ನೋಡಿದಾಗಲೇ ಅವರಿಗೆ ಊತ ಏರಿದೆಯೋ ಇಳಿದಿದೆಯೋ ತಿಳಿಯುವುದು.